ಬೀರಪ್ಪನ ಎಣಿಕೆ

“ಎಲ್ಲರೂ ಹತ್ತಿದ್ರಾ ಬೀರಣ್ಣ?” ಎಂದು ಟೂರ್ ಮ್ಯಾನೇಜರ್ ಕೇಳಿದಾಗ ಬೀರಪ್ಪ ಬಸ್ಸಿನ ಬಾಗಿಲಲ್ಲೇ ನಿಂತಿದ್ದ. ಅಂಡಮಾನಿನಲ್ಲಿ ಅದು ಕೊನೆಯ ದಿನ. ಬೆಳಿಗ್ಗೆ ಮ್ಯೂಸಿಯಂ, ಆಮೇಲೆ ಬೀಚು ಮುಗಿದಿತ್ತು. ಇನ್ನು ವಿಮಾನ ಹಿಡಿಯಬೇಕು. ಬಾಗೂರಿನ ಮೂವತ್ತು ಜನರನ್ನು ನಾಲ್ಕು ದಿನವೂ ಎಣಿಸಿದವನು ಬೀರಪ್ಪನೇ. ರೊಪ್ಪದ ಬಾಗಿಲಲ್ಲಿ ಕುರಿ ಎಣಿಸುವ ಹಾಗೆ ಹತ್ತುವವರನ್ನು ಜೋಡಿ ಜೋಡಿಯಾಗಿ ಎಣಿಸುತ್ತಿದ್ದ. ಅವನು ಎಣಿಸಿದ ಮೇಲೆ ಮ್ಯಾನೇಜರ್ ಇನ್ನೊಮ್ಮೆ ನೋಡುತ್ತಿರಲಿಲ್ಲ.

ಇಪ್ಪತ್ತೊಂಬತ್ತು. ಇಲ್ಲದವನು ಯಾರೆಂದು ಬೀರಪ್ಪನಿಗೆ ಗೊತ್ತಿತ್ತು. ಮರಗಳ ಮರೆಯಲ್ಲಿ ಒದ್ದೆ ಚಡ್ಡಿ ಬದಲಿಸುತ್ತಿದ್ದ ಚಿಕ್ಕತಿಮ್ಮಪ್ಪ. ಹೋದ ವರ್ಷ ಊರವರ ಮುಂದೆ, “ದೇವರ ಕುರಿಯಾಗೆ ಎರಡು ಕಮ್ಮಿ ಅವೆ, ಈ ಕಳ್ಳನೇ ತಿಂದವ್ನೆ” ಎಂದು ಕೂಗಾಡಿ, ಬೀರಪ್ಪ ಕಾಯುತ್ತಿದ್ದ ದೇವರ ಮಂದೆಯನ್ನು ಅವನ ಕೈಯಿಂದ ಬಿಡಿಸಿದವನು. ಮೂರನೇ ದಿನ ಆ ಎರಡೂ ಕುರಿ ಚಿಕ್ಕತಿಮ್ಮಪ್ಪನ ಹೊಲದಲ್ಲೇ ಸಿಕ್ಕವು. ತಪ್ಪಾಯಿತು ಎಂದು ಒಂದು ಮಾತೂ ಆಡಲಿಲ್ಲ ಆ ಮನುಷ್ಯ.

“ಮೂವತ್ತೂ ಜನ ಅವ್ರೆ, ಬಸ್ ಬಿಡಸ್ರಿ ಸಾರ್,” ಎಂದ ಬೀರಪ್ಪ.

ಬಸ್ಸು ಹೊರಟಿತು. ಚಿಕ್ಕತಿಮ್ಮಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಮರಳಲ್ಲಿ ಎಡವುತ್ತಾ ಓಡಿ ಬಂದ. “ಲೇ ಬೀರಾ, ನಿಲ್ಸಲೇ!”

ಬೀರಪ್ಪ ಕಿಟಕಿಯ ಪರದೆ ಎಳೆದು, ಅವನ ಖಾಲಿ ಸೀಟಿನ ಮೇಲೆ ಕಾಲು ಚಾಚಿದ.