ಮುಂದಿನ ಸಾಲಿನ ಅಜ್ಜಿ

“ನಿಲ್ಸ್ರಲಾ! ಇದೂ ಒಂದ್ ಹಾಡಾ?”

ಗಿಟಾರ್ ನಿಂತಿತು. ತಮಟೆ ನಿಂತಿತು. ಮಾಗಡಿ ಕೋಟೆಯ ಬಯಲಿನಲ್ಲಿ ಅವರೆಕಾಳಿನ ಉಪ್ಪಿಟ್ಟು ತಿನ್ನುತ್ತಿದ್ದವರೆಲ್ಲ ದೊನ್ನೆ ಹಿಡಿದುಕೊಂಡೇ ತಿರುಗಿದರು. ವೇದಿಕೆಯ ಪಕ್ಕ ದಳವಾಯಿಯ ವೇಷದಲ್ಲಿ ನಿಂತಿದ್ದ ಅನಂತರಾಜು ಕತ್ತು ಉದ್ದ ಮಾಡಿ ನೋಡಿದ.

ಅನಂತರಾಜು ಹೈಸ್ಕೂಲಿನ ಇತಿಹಾಸದ ಮೇಷ್ಟ್ರು. ಶನಿವಾರ, ಭಾನುವಾರ ಕೋಟೆಯೊಳಗೆ ಪಾಳೇಗಾರರ ಕಾಲವನ್ನು ಎಬ್ಬಿಸಿ ನಿಲ್ಲಿಸುವ ಈ ಚಳಿಗಾಲದ ಮೇಳಕ್ಕೆ ಅವನೇ ಸಂಚಾಲಕ. ಚನ್ನಪಟ್ಟಣದವರು ಹಗ್ಗ ಎಳೆದು ತಿರುಗಿಸುವ ಹಳೇ ಯಂತ್ರದಲ್ಲಿ ಬೊಂಬೆ ಕಡೆಯುತ್ತಿದ್ದರು. ರಾಮನಗರದವರು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಸಂಗೀತಕ್ಕೆ ಒಂದು ಆರ್ಕೆಸ್ಟ್ರಾ ಸಾಕು ಎಂದಿದ್ದರು ಸಮಿತಿಯ ಅಧ್ಯಕ್ಷ ಮುನಿಶಾಮಯ್ಯ. ಅನಂತರಾಜು ಹಟ ಹಿಡಿದು ‘ಹರಕು ಕಂಬಳಿ’ ಎಂಬ ಜನಪದ-ಪಂಕ್ ತಂಡವನ್ನು ಫೋನಿನಲ್ಲೇ ಗೊತ್ತುಮಾಡಿದ್ದ. ಪದ ನಮ್ಮೂರಿನದು, ಅಬ್ಬರ ಈಗಿನ ಕಾಲದ್ದು ಎಂದು ವಾದಿಸಿದ್ದ.

“ಏನಾರ ಎಡವಟ್ಟಾದ್ರೆ ಮುಂದಿನ್ ವರ್ಷ ನೀವು ಕುರ್ಚಿ ಹಾಕ್ಸೋ ಕೆಲ್ಸ ನೋಡ್ಕಳಿ ಮೇಷ್ಟ್ರೇ” ಎಂದಿದ್ದರು ಅಧ್ಯಕ್ಷರು.

ಈಗ ಮೊದಲ ಆಟದ ಮೊದಲ ಹಾಡಿಗೇ ಎಡವಟ್ಟು ಮುಂದಿನ ಸಾಲಿನಲ್ಲಿ ಅಜ್ಜಿಯಾಗಿ ಎದ್ದು ನಿಂತಿತ್ತು. ಎಲೆ ಅಡಿಕೆಯ ಬಾಯಿ, ಹೆಗಲ ಮೇಲೆ ಕಂಬಳಿ, ಗುಡ್ಡದಾಚೆಯ ಕುರಿಯನ್ನೂ ವಾಪಸ್ಸು ಕರೆಸುವಂಥ ಗಂಟಲು.

ಗಿಟಾರಿನ ಹುಡುಗ ದೀಪು ಮತ್ತೆ ತಂತಿ ಮೀಟಿದ. ತಮಟೆಯ ತಿಮ್ಮೇಶ್ ಎರಡು ಪೆಟ್ಟು ಹಾಕಿದ. ಅಷ್ಟರಲ್ಲಿ ಅಜ್ಜಿ ಸೊಂಟಕ್ಕೆ ಕೈಯಿಟ್ಟಳು.

“ಕೂದ್ಲಿಗ್ ಬಣ್ಣ, ಬಟ್ಟೆಗ್ ತೂತು, ಅಪ್ಪನ್ ಮನೇಲ್ ಸೂಜಿ ಇಲ್ವಾ?”

ಧಿಮ್, ಎಂದಿತು ತಮಟೆ.

“ಸೂಜಿ ಇಲ್ವಾ?” ಎಂದರು ಹಿಂದೆ ನಿಂತ ಕಾಲೇಜು ಹುಡುಗಿಯರು.

ಅಜ್ಜಿ ಬಿಡಲಿಲ್ಲ. ದೀಪುವಿನ ಕಿವಿಯ ರಿಂಗು, ತಿಮ್ಮೇಶನ ಟೋಪಿ, ಉಪ್ಪಿಟ್ಟಿನ ರೇಟು, ಕಡೆಗೆ ಸಮಿತಿಯವರ ರಟ್ಟಿನ ಕತ್ತಿ, ಎಲ್ಲವನ್ನೂ ಜಾಲಾಡಿಸಿದಳು. ಪಾಪದ ಹುಡುಗರು ಬಾಯಿ ತೆರೆದಾಗಲೆಲ್ಲ ಬೈಗುಳ. ಬೈದು ಅವಳು ಉಸಿರೆಳೆದುಕೊಳ್ಳುವಾಗ ಮಾತ್ರ ಅವರು ಬಾರಿಸಬೇಕು. ಮುಕ್ಕಾಲು ಗಂಟೆಯಲ್ಲಿ ಒಂದು ಹಾಡನ್ನಾದರೂ ಪೂರ್ತಿ ಹಾಡಲು ಅವಳು ಬಿಟ್ಟಿದ್ದರೆ ಕೇಳಿ.

ಆಟ ಮುಗಿದ ಮೇಲೆ ಅನಂತರಾಜು ಡೇರೆಗೆ ಓಡಿದ. ಅಂಟು ಬಿಟ್ಟ ಮೀಸೆ ಮೂಗಿನ ಕೆಳಗೆ ಜೋತಾಡುತ್ತಿತ್ತು.

“ತಪ್ಪು ತಿಳ್ಕೋಬೇಡಿ ದೀಪು. ಆ ಅಜ್ಜೀನ ನಾನು ನೋಡ್ಕೋತೀನಿ.”

“ವಯಸ್ಸಾದೋರು. ಒಸಿ ಚೆನ್ನಾಗ್ ನೋಡ್ಕಳಿ ಸಾರ್” ಎಂದ ದೀಪು, ಬೆವರು ಒರೆಸಿಕೊಳ್ಳುತ್ತ.

ಎಂಥ ದೊಡ್ಡ ಮನಸ್ಸು ಎಂದು ಮೇಷ್ಟ್ರ ಕಣ್ಣು ಒದ್ದೆಯಾಯಿತು. ಆ ನಾಲ್ಕು ಜನ ಊಟದ ಕೌಂಟರಿನಲ್ಲಿ ಐದು ಎಲೆ ಕೇಳಿದರೂ ಅವನು ತಕರಾರು ಮಾಡಲಿಲ್ಲ. ತಮಟೆ ಬಡಿದ ಕೈಗೆ ಹಸಿವು ಜಾಸ್ತಿ.

ಭಾನುವಾರ ಬೆಳಗಿನ ಆಟಕ್ಕೆ ಬಯಲು ತುಂಬಿತು. ಕನಕಪುರದಿಂದ, ಹಾರೋಹಳ್ಳಿಯಿಂದ ಬೈಕುಗಳು ಬಂದಿದ್ದವು. ಅನಂತರಾಜುವಿಗೆ ಹಿಗ್ಗೋ ಹಿಗ್ಗು. ಆದರೆ ಮುಂದಿನ ಸಾಲಿನಲ್ಲಿ ಅದೇ ಕಂಬಳಿ, ಅದೇ ಗಂಟಲು. ಈ ಸಲ ಬೈಗುಳಗಳೂ ಹೊಸವು. ಜನ ಒಂದೊಂದನ್ನೂ ಎತ್ತಿಕೊಂಡು ಕುಣಿದರು.

ಮುನಿಶಾಮಯ್ಯ ಅವನನ್ನು ಪಕ್ಕಕ್ಕೆ ಕರೆದರು. “ಜನ ಬಂದವ್ರೆ, ಇಲ್ಲ ಅನ್ನಲ್ಲ. ಸಂಜೆಗೆ ರಾಮನಗರದಿಂದ ದೊಡ್ಡ ಸಾಹೇಬ್ರು ಬತ್ತಾವ್ರೆ. ಅವ್ರ ಮುಂದೂ ಆ ವಮ್ಮ ಹಿಂಗೇ ಬಾಯ್ ಬುಟ್ರೆ ಏನ್ ಗತಿ?”

“ಆ ಜವಾಬ್ದಾರಿ ನನಗೆ ಬಿಡಿ.”

ಸಂಜೆ ಅನಂತರಾಜು ತಾನೇ ಗೇಟಿಗೆ ನಿಂತ. ಹೆಗಲ ಮೇಲೆ ಕಂಬಳಿ ಕಾಣುತ್ತಿದ್ದಂತೆ ರಟ್ಟಿನ ಕತ್ತಿ ಅಡ್ಡ ಹಿಡಿದ.

“ಅಜ್ಜಿ, ಒಳಗೆ ಬಿಡಲ್ಲ.”

“ಯಾಕಪ್ಪ ಮೇಷ್ಟ್ರೇ? ನಂಗೊಳ್ಗೆ ಕೆಲ್ಸ ಐತೆ.”

“ನಿಮ್ಮ ಕೆಲಸ ಏನು ಅಂತ ನಿನ್ನೆಯಿಂದ ನೋಡ್ತಾನೇ ಇದೀನಿ.”

“ನೋಡ್ಯೂ ತಡೀತೀಯಾ?”

“ನೋಡಿದ್ದಕ್ಕೇ ತಡೀತಿರೋದು.”

ಅಜ್ಜಿ ಅವನನ್ನು ಮೇಲಿಂದ ಕೆಳಗೆ ಅಳೆದಳು. ಜಗಳಕ್ಕೆ ಬೀಳಲಿಲ್ಲ. ಕಲ್ಲಿನ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದಳು. “ಆಗ್ಲಿ ಬುಡು. ಕುಂತಿರ್ತೀನಿ. ಕರೆಯೋರ್ ಕರೀತಾರೆ.”

ಕೋಟೆ ಗೆದ್ದವನ ಹಾಗೆ ಅನಂತರಾಜು ವೇದಿಕೆಯತ್ತ ನಡೆದ. ಸಾಹೇಬರು ಶಾಲು ಹೊದ್ದು ಕುಳಿತಿದ್ದರು. ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೀಪಗಳು ಹತ್ತಿದವು. ತಂಡ ಸಾಲಾಗಿ ನಿಂತಿತು. ಇವತ್ತಾದರೂ ಹುಡುಗರು ನೆಮ್ಮದಿಯಾಗಿ ಹಾಡಲಿ ಎಂದು ಮೇಷ್ಟ್ರು ಕೈ ಕಟ್ಟಿ ನಿಂತ.

ಯಾರೂ ಶುರುಮಾಡಲಿಲ್ಲ.

ತಿಮ್ಮೇಶ್ ತಮಟೆ ಕಾಯಿಸಿದ. ಮತ್ತೆ ಕಾಯಿಸಿದ. ದೀಪು ತಂತಿ ಬಿಗಿ ಮಾಡಿ, ಸಡಿಲ ಮಾಡಿ, ಮತ್ತೆ ಬಿಗಿ ಮಾಡಿದ. ಜನ ಸಿಳ್ಳೆ ಹೊಡೆದರು. ಸಾಹೇಬರು ವಾಚು ನೋಡಿದರು. ಮುನಿಶಾಮಯ್ಯನವರ ಕಣ್ಣು ದೂರದಿಂದಲೇ ಸುಡುತ್ತಿತ್ತು.

ಅನಂತರಾಜು ವೇದಿಕೆ ಹತ್ತಿ ದೀಪುವಿನ ಕಿವಿಗೆ ಬಗ್ಗಿದ. “ಯಾಕ್ರೀ ಸುಮ್ನೆ ನಿಂತಿದೀರಾ? ಆ ಅಜ್ಜಿ ಕಾಟ ಇಲ್ಲ ಈಗ. ಶುರು ಮಾಡಿ!”

ದೀಪು ಅಳುವ ಮುಖ ಮಾಡಿದ. “ಎಂಗ್ ಶುರು ಮಾಡದು ಸಾರ್? ನಮ್ ಹಾಡೋ ಅಜ್ಜೀನ ಯಾವನೋ ದಳವಾಯಿ ಗೇಟ್ನಾಗೇ ಕೂರಿಸ್ಬುಟ್ಟವ್ನಂತೆ!”