ರಾಜನ ಬೆರಳು

ಯಜ್ಞೇಶ್ ಬೆರಳು ಎತ್ತಿದ. ಅದರ ಅರ್ಥ ಬೋಜನಿಗೆ ಚೆನ್ನಾಗಿಯೇ ಗೊತ್ತು: ಸ್ವರ್ಣಲತಾ ಮಾತಾಡಿದ್ದು ಸಾಕು, ಮುಂದಿನ ಪದ ಹಾಡಿ. ಕೊಲ್ಲಿ ನಾಡಿನ ಅಲ್ ಹಿಲಾಲ್ ಬಡಾವಣೆಯ ಈ ಮನೆಯಲ್ಲಿ ತಾಳಮದ್ದಳೆ ಶುರುವಾದಂದಿನಿಂದ ಪ್ರತಿ ಶುಕ್ರವಾರ ಆ ಬೆರಳು ಏಳುತ್ತಿತ್ತು, ಭಾಗವತ ಬೋಜನ ಜಾಗಟೆ ಮೊಳಗುತ್ತಿತ್ತು, ಎದುರು ಕೂತವರ ಮಾತು ಗಂಟಲಲ್ಲೇ ಉಳಿಯುತ್ತಿತ್ತು.

ಯಜ್ಞೇಶ್ ಕೆಟ್ಟವನಲ್ಲ. ಅದೇ ದೊಡ್ಡ ತಲೆನೋವು. ಕೆಟ್ಟವನಾಗಿದ್ದರೆ ಯಾವತ್ತೋ ಒಂದು ಜಗಳ ಆಡಿ ಕೈತೊಳೆದುಕೊಳ್ಳಬಹುದಿತ್ತು. ಮನೆ ಅವನದು, ಚಹಾ ಅವನದು, ಊರಿಂದ ಮದ್ದಳೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದವನೂ ಅವನೇ. ಹಾಗಾಗಿ ಯಾರು ಯಾವ ಪಾತ್ರ, ಯಾರು ಎಲ್ಲಿ ಕೂರಬೇಕು, ಎಲ್ಲ ಅವನದೇ ತೀರ್ಮಾನ. ತಾಳಮದ್ದಳೆ ಎಂದರೆ ಭಾಗವತ ಹಾಡಿದ ಪದ ಮುಗಿದ ಕೂಡಲೇ ಪಾತ್ರಧಾರಿ ಕೂತಲ್ಲೇ ಆ ಹೊತ್ತಿಗೆ ತೋಚಿದ್ದನ್ನು ಆಡಬೇಕು. ಅದರ ರುಚಿ ಇರುವುದೇ ಅಲ್ಲಿ. ಈ ಮಹಾನುಭಾವ ಎಲ್ಲರ ಮಾತನ್ನೂ ತಾನೇ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದ. ಆ ಗ್ರೂಪಿನಲ್ಲಿ ಅಡ್ಮಿನ್ ಆದ ಅವನ ಹೊರತು ಬೇರೆ ಯಾರಿಗೂ ಒಂದಕ್ಷರ ಬರೆಯಲು ಅವಕಾಶವಿಲ್ಲ. ಇವತ್ತಿನ ಪ್ರಸಂಗದ ಕಥೆಯೂ ಅವನೇ ಹೊಸೆದದ್ದು. ರಾಜ ಯಾರೆಂದು ಬೇರೆ ಹೇಳಬೇಕೆ?

ಬಿನ್ ಮಹಮೂದ್ ಬಡಾವಣೆಯಿಂದ ಬೋಜ ಕಾರಿನಲ್ಲಿ ಕರೆದುಕೊಂಡು ಬರುವಾಗಲೇ ಸ್ವರ್ಣಲತಾ ಹೇಳಿಬಿಟ್ಟಿದ್ದಳು.

"ಬೋಜಣ್ಣ, ನಂದು ಇವತ್ತಿಗೆ ಖಲಾಸ್. ವಾರವಿಡೀ ಕ್ಲಿನಿಕ್ ಕೌಂಟರಲ್ಲಿ ಹೇಳಿಕೊಟ್ಟದ್ದನ್ನೇ ಹೇಳುದು. ಶುಕ್ರವಾರವೂ ಇನ್ನೊಬ್ಬರು ಬರೆದದ್ದನ್ನು ಒಪ್ಪಿಸ್ಬೇಕಾ?"

"ಅವನ ಸ್ವಭಾವವೇ ಹಾಗೆ ಮಾರಾಯ್ತಿ. ಸ್ವಲ್ಪ ಹೊಂದಿಕೊಂಡು ಹೋಗು."

"ನಿಮಗೆ ಸುಸ್ತಾಗುದಿಲ್ವಾ?"

ಬೋಜ ಗೇರ್ ಬದಲಾಯಿಸಿದ. ಲುಸೈಲ್‌ನ ಕಟ್ಟಡಗಳಲ್ಲಿ ಎಸಿ ರಿಪೇರಿ ಮಾಡಿ ಬಂದ ಸುಸ್ತು ಮಲಗಿದರೆ ಹೋಗುತ್ತದೆ. ಇದು ಹೋಗುವ ಜಾತಿಯದಲ್ಲ. ಆದರೆ ಅವನಿಗೆ ಹೆದರಿಕೆಯೂ ಇತ್ತು. ಇದೇ ಬೆರಳಿಗೆ ಬೇಸತ್ತು ಮೋಕ್ಷಾ ಕೂಟ ಬಿಟ್ಟುಹೋದಳು, ಅವಳ ಹಿಂದೆ ಇನ್ನಿಬ್ಬರು. ಸ್ವರ್ಣಲತಾ ಕೂಡ ಹೋದರೆ ಪದ ಹಾಡುವುದಾದರೂ ಯಾರ ಮಾತಿಗಾಗಿ? ಆಮೇಲೆ ಶುಕ್ರವಾರ ಎಂದರೆ ರೂಮಿನ ಮಂಚ, ಕೈಯಲ್ಲಿ ಫೋನು, ಅಷ್ಟೇ.

ಪ್ರಸಂಗದಲ್ಲಿ ರಾಜ ಶತ್ರುವಿನ ಜೊತೆ ಸಂಧಿ ಮಾಡಿಕೊಂಡು, ಮಗಳನ್ನು ಅವನ ಮನೆಗೆ ಸೊಸೆಯಾಗಿ ಕೊಡುತ್ತಾನೆ. ಮಗಳು "ತಮ್ಮ ಚಿತ್ತ, ಅಪ್ಪಾಜಿ" ಎಂದು ಕಣ್ಣೀರು ಹಾಕಬೇಕು. ಗ್ರೂಪಿಗೆ ಬಂದದ್ದು ಅಷ್ಟೇ. ಆದರೆ ಮಗಳ ಪಾತ್ರ ವಹಿಸಿದ್ದ ಸ್ವರ್ಣಲತಾ ಫೋನನ್ನು ಚಾಪೆಯ ಮೇಲೆ ಮಗುಚಿ ಹಾಕಿದಳು.

"ರಾಜ್ಯ ಉಳಿಯಬೇಕು, ಒಪ್ಪಿದೆ. ಮಂತ್ರಿಯನ್ನು ಕೇಳಿದಿರಿ, ಪುರೋಹಿತರನ್ನು ಕೇಳಿದಿರಿ, ಶತ್ರುವಿನ ದೂತನನ್ನೂ ಕರೆಸಿ ಕೇಳಿದಿರಿ. ಹೋಗಬೇಕಾದವಳು ನಾನು. ನನ್ನನ್ನು ಒಂದು ಮಾತು ಕೇಳಿದಿರಾ, ಅಪ್ಪಾಜಿ?"

ಆಗಲೇ ಆ ಬೆರಳು ಎದ್ದದ್ದು.

ಬೋಜನ ಕೈ ಅಭ್ಯಾಸಬಲದಿಂದ ಜಾಗಟೆಯ ಕೋಲಿಗೆ ಹೋಯಿತು. ಮದ್ದಳೆಯ ಅಕ್ಷಯ್ ಕೂಡ ಬೆರಳು ಸಜ್ಜು ಮಾಡಿಕೊಂಡ. ಸ್ವರ್ಣಲತಾ ಮಾತ್ರ ಯಜ್ಞೇಶನನ್ನು ನೋಡುತ್ತಿರಲಿಲ್ಲ, ಬೋಜನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವೂ ಅಲ್ಲ ಅದು. ನೀವು ಏನು ಮಾಡುತ್ತೀರೆಂದು ಗೊತ್ತು ಎನ್ನುವ ನೋಟ. ಬೋಜನಿಗೆ ನಾಚಿಕೆಯಾಯಿತು. ಥತ್! ಇಷ್ಟು ದಿನ ಎಲ್ಲರ ಬಾಯಿ ಮುಚ್ಚಿಸಿದ್ದು ಬೆರಳಲ್ಲ, ನನ್ನ ಜಾಗಟೆ. ಅವನು ಜಾಗಟೆಯನ್ನು ತೊಡೆಯ ಮೇಲೆ ಬೋರಲು ಹಾಕಿದ.

"ಪದ, ಭಾಗವತರೇ," ಯಜ್ಞೇಶ್ ಹಲ್ಲಿನ ಸಂದಿಯಲ್ಲಿ ಹೇಳಿದ.

"ರಾಜರು ಉತ್ತರ ಕೊಡಲಿ. ಆಮೇಲೆ ಪದ."

ಕೂಟ ನಡೆಯುವಾಗ ಭಾಗವತ ಹೇಳಿದ್ದೇ ಕೊನೆ. ಮನೆ ಯಾರದ್ದಾದರೂ ಸರಿ, ಅದನ್ನು ಮೀರುವ ಹಾಗಿಲ್ಲ. ಗ್ರೂಪಿಗೆ ಹಾಕಿದ ನಿಯಮಗಳಲ್ಲಿ ಇದನ್ನು ಎಲ್ಲಕ್ಕಿಂತ ಮೇಲೆ ಬರೆದವನು ಯಜ್ಞೇಶನೇ.

ಅವನು ಫೋನನ್ನು ಮೇಲಕ್ಕೆ ಸರಿಸಿದ, ಕೆಳಕ್ಕೆ ಸರಿಸಿದ. ಪ್ರಶ್ನೆಯನ್ನೇ ಬರೆಯದ ಮೇಲೆ ಉತ್ತರ ಎಲ್ಲಿಂದ ಬರಬೇಕು? ಸೋಫಾದಲ್ಲಿದ್ದ ಕೇಳುಗರು ಚಹಾ ಕುಡಿಯುವುದನ್ನು ನಿಲ್ಲಿಸಿದರು. ಅವನ ಮುಖ ಕೆಂಪಗಾಯಿತು. ಕೊನೆಗೆ ಫೋನು ಕೆಳಗಿಟ್ಟ.

"ಕೇಳಲಿಲ್ಲ, ಮಗಳೇ," ಎಂದ. ಧ್ವನಿ ರಾಜನದಾಗಿರಲಿಲ್ಲ. "ಕೇಳಬೇಕೂಂತ ಹೊಳೆಯಲೇ ಇಲ್ಲ."

"ಭಲೇ!" ಎಂದಿತು ಸೋಫಾ. ಬೋಜ ಜಾಗಟೆ ಎತ್ತಿದ. ಅಷ್ಟು ತೆರೆದ ಗಂಟಲಲ್ಲಿ ಅವನು ಹಾಡದೆ ಎಷ್ಟು ಕಾಲವಾಗಿತ್ತೋ.

ಕೂಟ ಮುಗಿದು ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ ಯಜ್ಞೇಶ್ ಹಿಂದೆಯೇ ಬಂದ. ಮುಖ ಅರಳಿತ್ತು. ಸದ್ಯ, ಬುದ್ಧಿ ಬಂತು ಎಂದುಕೊಂಡ ಬೋಜ.

"ಆ ಪ್ರಶ್ನೆ ಬಂದಲ್ಲಿ ಒಳ್ಳೆ ರಂಗೇರಿತು ಆಯ್ತಾ! ನಾನು ಸುಮ್ಮನೆ ಕೂತದ್ದು ನೋಡಿದ್ರಾ, ಭಾಗವತರೇ? ಬರುವ ಶುಕ್ರವಾರವೂ ಇದನ್ನೇ ಮಾಡುವ. ಸ್ವರ್ಣಲತಾ, ನಿನ್ನ ಪ್ರಶ್ನೆಯನ್ನು ನಾನು ಸ್ವಲ್ಪ ತಿದ್ದಿ ಗ್ರೂಪಿಗೆ ಹಾಕ್ತೇನೆ. ಅಷ್ಟು ಹೇಳಿದ್ರೆ ಸಾಕು."

ಮುಗಿಯಿತು, ಇವಳು ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡು ಬೋಜ ಜಾಗಟೆಯ ಚೀಲವನ್ನು ಹೆಗಲಿಗೆ ಏರಿಸಿದ.

ಸ್ವರ್ಣಲತಾ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಎದ್ದಳು.

"ಹಾಕಿ, ಯಜ್ಞೇಶಣ್ಣ," ಎಂದಳು. "ಬರುವ ಶುಕ್ರವಾರ ನಾನು ಬೇರೆಯೇ ಪ್ರಶ್ನೆ ಕೇಳ್ತೇನೆ."