ಕೋಟೆಯ ಮೇಲೆ ಕುಳಿತವಳು

ಚಾರ್ಜರ್ ಕಾದು ಪ್ಲಾಸ್ಟಿಕ್ಕಿನ ವಾಸನೆ ಹೊರಟರೆ ಈಗಲೂ ನನಗೆ ಹಳೇ ಹುಬ್ಬಳ್ಳಿಯ ಕಾಕಾನ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಟಿವಿಗೆ ಜೋಡಿಸಿದ ವಿಡಿಯೋ ಗೇಮಿನ ಅಡಾಪ್ಟರ್ ಹೀಗೇ ನಾರುತ್ತಿತ್ತು. ಕಾಕಾನ ಮಗ ಸಂತೋಷನ ಸಿಪಾಯಿ ಮುಳ್ಳು, ಬೆಂಕಿ ಎಲ್ಲ ದಾಟಿ ಕೊನೆಯ ಕೋಟೆ ಮುಟ್ಟಿದ್ದ. ಮೇಲೆ ರಾಜಕುಮಾರಿ ಸುಮ್ಮನೆ ಕುಳಿತಿದ್ದಳು. ಆ ವಾರವಷ್ಟೇ ಶಾಲೆಯ ಚರ್ಚಾಸ್ಪರ್ಧೆ ಗೆದ್ದಿದ್ದ ನನಗೆ ಅವಳಾಗಿ ಆಡಬೇಕಿತ್ತು.

“ಬಾಗಿಲಾ ತೆರದ ಐತಲ್ಲೋ. ಆಕಿನ ಇಳದು ಬರಲಿ. ರಿಮೋಟ್ ನನಗ ಕೊಡು.”

“ವಕೀಲಬಾಯಾರ, ಆಕಿಗೆ ಬಟನ್ನ ಇಲ್ಲ. ಬೇಕಾದ್ರ ಒತ್ತಿ ನೋಡ್ರಿ.”

ಎಲ್ಲ ಬಟನ್ನುಗಳನ್ನೂ ಒತ್ತಿದೆ. ಪ್ರತಿ ಸಲವೂ ಜಿಗಿದದ್ದು ಸಿಪಾಯಿಯೇ. ನನ್ನ ಹೆಬ್ಬೆರಳು ಕೆಂಪಾಯಿತು.

“ಇದು ಅನ್ಯಾಯ! ಇಡೀ ಆಟದಾಗ ಆಕಿ ಬರೇ ಕೂತಿರಬೇಕೇನು?”

ಬೆಳಗಿನಿಂದ ರೊಟ್ಟಿ ಬಡಿದು ಈಗಷ್ಟೇ ಬಾಗಿಲಿಗೆ ಒರಗಿ ನಿಂತಿದ್ದ ಕಾಕು ಹಿಟ್ಟಿನ ಕೈಯಿಂದಲೇ ಟಿವಿ ತೋರಿಸಿದರು.

“ಕೂಡ್ಲಿ ಬಿಡವಾ. ಆಕಿಗಾದ್ರೂ ಯಾರೂ ಏಳು ಅನ್ನಂಗಿಲ್ಲ.”

ನಾನು ಪ್ರತಿವಾದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಹೊರಗಿನ ಕಟ್ಟೆಯಿಂದ ಕಾಕಾ, “ಚಹಾ!” ಎಂದರು.

ಕಾಕು ತಟ್ಟನೆ ಒಳಗೆ ನಡೆದರು. ನಾನು ಬಟನ್ ಒತ್ತುವುದನ್ನು ನಿಲ್ಲಿಸಿದೆ.